ಕಾರಿನ ಆಯಿಲ್ ಫಿಲ್ಟರ್: ಕಡಿಮೆ ದುಡ್ಡಿಗೆ ಒಳ್ಳೆಯದು ಹುಡುಕೋದು ಹೇಗೆ?

ಗೊಬ್ಬರ, ನೀರು, ಕೀಟದ ವಿಷಯ ಓದೋಕೆ ಬಂದವರಿಗೆ ಈ ವಾರ ಕಾರಿನ ಆಯಿಲ್ ಫಿಲ್ಟರ್ ಯಾಕೆ ಅನ್ನಿಸಬಹುದು. ಕಾರಣ ಇದೆ. ನಮ್ಮಲ್ಲಿ ಬಹಳ ಜನರ ಕಾರು ಬರೀ ಮದುವೆ-ಮುಂಜಿಗೆ ಹೋಗೋ ಕಾರಲ್ಲ. ಬೆಳಿಗ್ಗೆ ಸೊಪ್ಪಿನ ಮೂಟೆ, ಮಧ್ಯಾಹ್ನ ಬೇವಿನ ಹಿಂಡಿ ಚೀಲ, ಸಂಜೆ ಅಮ್ಮನನ್ನು ಆಸ್ಪತ್ರೆಗೆ ಕರ್ಕೊಂಡು ಹೋಗೋದು, ಎಲ್ಲಾ ಅದೇ ಗಾಡಿ. ಅದರಲ್ಲೂ ಹೆಚ್ಚಿನವು ಸೆಕೆಂಡ್ ಹ್ಯಾಂಡ್. ವಾರಂಟಿ ಮುಗಿದು ಎಷ್ಟೋ ವರ್ಷ ಆಗಿರುತ್ತೆ, ಶೋರೂಮಿಗೆ ಹೋದರೆ ಬಿಲ್ ನೋಡಿ ಎದೆ ಝಲ್ ಅನ್ನುತ್ತೆ. ಹಾಗಾಗಿ ಊರ ಗ್ಯಾರೇಜೇ ಗತಿ. ಅಲ್ಲಿ ಮೆಕ್ಯಾನಿಕ್ "ಫಿಲ್ಟರ್ ಒರಿಜಿನಲ್ ಹಾಕ್ಲಾ, ಲೋಕಲ್ ಹಾಕ್ಲಾ?" ಅಂತ ಕೇಳ್ತಾರೆ. ನಾವು ಬೆಲೆ ಕೇಳಿ, ಐವತ್ತು-ಅರವತ್ತು ರೂಪಾಯಿ ಉಳಿಯುತ್ತೆ ಅಂತ "ಯಾವುದಾದ್ರೂ ಹಾಕಣ್ಣ" ಅಂದುಬಿಡ್ತೀವಿ.

ಆ ಒಂದು ಮಾತಿನ ಬಗ್ಗೆಯೇ ಈ ಲೇಖನ. ಒಳ್ಳೆ ಫಿಲ್ಟರ್ ದುಬಾರಿ ಅನ್ನೋದು ನಮ್ಮ ತಲೆಯಲ್ಲಿರೋ ಲೆಕ್ಕ. ಸಣ್ಣ ಪೆಟ್ರೋಲ್ ಕಾರುಗಳಿಗೆ ಕಂಪನಿ ಫಿಲ್ಟರೇ ಸಾಮಾನ್ಯವಾಗಿ 100ರಿಂದ 200 ರೂಪಾಯಿ ಒಳಗೆ ಸಿಗುತ್ತೆ. ಡೀಸೆಲ್ ಕಾರು, ಪಿಕಪ್‌ಗಳಿಗೆ ಅದರ ಎರಡು-ಮೂರು ಪಟ್ಟು. ಮಾಡೆಲ್, ಊರು ನೋಡಿಕೊಂಡು ಸ್ವಲ್ಪ ಹೆಚ್ಚುಕಮ್ಮಿ ಇರುತ್ತೆ. ಅದೇ ಎಂಜಿನ್ ಬಿಚ್ಚಿ ಬೇರಿಂಗ್, ಕ್ರ್ಯಾಂಕ್, ಬೋರ್ ಅಂತ ಹೊರಟರೆ ಸಾವಿರಗಳಲ್ಲಿ ಲೆಕ್ಕ ಮುಗಿಯಲ್ಲ. ದುಡ್ಡು ಉಳಿಸೋ ಜಾಗ ಬೇರೆ ಇದೆ, ಅದನ್ನೂ ಹೇಳ್ತೀನಿ.

ಡ್ರಿಪ್ ಫಿಲ್ಟರ್ ಗೊತ್ತಿದ್ದರೆ ಅರ್ಧ ಗೊತ್ತಾದಂತೆ

ಡ್ರಿಪ್ ಹಾಕಿಸಿದವರಿಗೆಲ್ಲ ಡಿಸ್ಕ್ ಫಿಲ್ಟರ್ ಪರಿಚಯ. 120 ಮೆಶ್ ಅಂದರೆ ಸುಮಾರು 130 ಮೈಕ್ರಾನ್. ಅದಕ್ಕಿಂತ ದಪ್ಪ ಮರಳು, ಪಾಚಿ ಅಲ್ಲಿ ನಿಲ್ಲುತ್ತೆ, ಡ್ರಿಪ್ಪರ್ ಕಟ್ಟಿಕೊಳ್ಳಲ್ಲ. ಎಂಜಿನ್ನಿನ ಆಯಿಲ್ ಫಿಲ್ಟರ್ ಇದಕ್ಕಿಂತ ಎಷ್ಟೋ ಸೂಕ್ಷ್ಮ. ಮನುಷ್ಯರ ಕೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತೆ. ಸಾಮಾನ್ಯ ಕಾರಿನ ಒಳ್ಳೆ ಫಿಲ್ಟರ್ 20-30 ಮೈಕ್ರಾನಿನ ಕಣಗಳನ್ನು ಬಹುಪಾಲು ಹಿಡಿಯುತ್ತೆ, ಅದಕ್ಕಿಂತ ಸಣ್ಣವನ್ನೂ ಒಂದಷ್ಟು ಹಿಡಿಯುತ್ತೆ.

ಯಾಕೆ ಇಷ್ಟು ಸೂಕ್ಷ್ಮ ಬೇಕು? ಕ್ರ್ಯಾಂಕ್ ಶಾಫ್ಟ್‌ಗೂ ಬೇರಿಂಗಿಗೂ ನಡುವೆ ಇರೋದು ಕೆಲವೇ ಮೈಕ್ರಾನ್ ದಪ್ಪದ ಎಣ್ಣೆಯ ಪೊರೆ. ಅದರ ಮೇಲೇ ಶಾಫ್ಟ್ ತೇಲುತ್ತಾ ತಿರುಗುತ್ತೆ. ಆ ಪೊರೆಗಿಂತ ದಪ್ಪದ ಕಣ ಒಂದು ನುಗ್ಗಿದರೆ ಗೀರು ಬೀಳುತ್ತೆ. ಗೀರಿನಿಂದ ಮತ್ತೆ ಪುಡಿ, ಪುಡಿಯಿಂದ ಮತ್ತೆ ಗೀರು. ನಮ್ಮ ಹೊಲದ ದಾರಿಯ ಧೂಳಿನಲ್ಲಿ ಸಿಲಿಕಾ, ಅಂದರೆ ನುಣ್ಣನೆ ಮರಳು ಇರುತ್ತೆ. ಅದು ಸಾಮಾನ್ಯ ಉಕ್ಕಿಗಿಂತ ಗಟ್ಟಿ. ಈ ಧೂಳು ಆಯಿಲಿಗೆ ಬರೋದು ಹೆಚ್ಚಾಗಿ ಏರ್ ಫಿಲ್ಟರ್ ದಾಟಿಕೊಂಡು. ಹಾಗಾಗಿ ಆಯಿಲ್ ಫಿಲ್ಟರ್ ಒಳ್ಳೇದು ಹಾಕಿ ಏರ್ ಫಿಲ್ಟರ್ ಹರಿದದ್ದೇ ಬಿಟ್ಟರೆ, ಬಾಗಿಲು ತೆಗೆದಿಟ್ಟು ಕಿಟಕಿಗೆ ಚಿಲಕ ಹಾಕಿದ ಹಾಗೆ.

ಡ್ರಿಪ್ ಫಿಲ್ಟರಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಡ್ರಿಪ್ ಫಿಲ್ಟರ್ ಕಟ್ಟಿಕೊಂಡರೆ ನೀರು ಕಡಿಮೆಯಾಗುತ್ತೆ. ಗೇಜ್ ನೋಡ್ತೀವಿ, ಬಿಚ್ಚಿ ತೊಳೀತೀವಿ, ಗಿಡ ಒಂದು ಗಂಟೆ ಕಾಯುತ್ತೆ. ಎಂಜಿನ್ ಹಾಗೆ ಕಾಯಲ್ಲ. ಅದಕ್ಕೆ ಫಿಲ್ಟರಿನಲ್ಲೇ ಒಂದು ಸ್ಪ್ರಿಂಗ್ ಇರೋ ಬೈಪಾಸ್ ವಾಲ್ವ್ ಇಟ್ಟಿರ್ತಾರೆ. ಕಾಗದ ಕಟ್ಟಿಕೊಂಡು ಒತ್ತಡದ ವ್ಯತ್ಯಾಸ ಸಾಮಾನ್ಯವಾಗಿ 1 ಬಾರ್ ಆಸುಪಾಸಿಗೆ ಬಂದಾಗ ಅದು ತೆರೆದುಕೊಂಡು, ಸೋಸದ ಆಯಿಲನ್ನೇ ಎಂಜಿನ್ನಿಗೆ ಬಿಡುತ್ತೆ. ಆಯಿಲೇ ಇಲ್ಲದೆ ಓಡೋದಕ್ಕಿಂತ ಕೊಳಕು ಆಯಿಲಿನಲ್ಲಿ ಓಡೋದು ವಾಸಿ ಅನ್ನೋ ಲೆಕ್ಕ. ತೊಂದರೆ ಏನಂದ್ರೆ, ಇದು ಆದಾಗ ನಿಮಗೆ ಯಾವ ಸೂಚನೆಯೂ ಸಿಗಲ್ಲ. ಲೈಟ್ ಬರಲ್ಲ, ಶಬ್ದ ಬರಲ್ಲ, ಪಿಕಪ್ ಕಮ್ಮಿ ಆಗಲ್ಲ. ಡೂಪ್ಲಿಕೇಟ್ ಫಿಲ್ಟರಿನ ವ್ಯಾಪಾರ ನಡೆಯೋದೇ ಈ ಕಾರಣಕ್ಕೆ. ಕೆಟ್ಟ ಫಿಲ್ಟರ್ ಹಾಕಿದ ದಿನವೂ ಗಾಡಿ ಚೆನ್ನಾಗೇ ಓಡುತ್ತೆ, ಆರು ತಿಂಗಳಾದ ಮೇಲೂ ಓಡುತ್ತೆ. ಎಂಜಿನ್ ಹೊಗೆ ಕಾರೋಕೆ ಶುರು ಮಾಡಿದಾಗ "ಹಳೇ ಗಾಡಿ ಅಲ್ವಾ" ಅಂತ ಅದರ ಮೇಲೇ ತಪ್ಪು ಹೊರಿಸ್ತೀವಿ.

ಇನ್ನೊಂದು ವಾಲ್ವೂ ಇದೆ, ಇದನ್ನು ನೀವು ಕಣ್ಣಲ್ಲೇ ನೋಡಬಹುದು. ಹೊಸ ಫಿಲ್ಟರ್ ತಿರುಗಿಸಿ ಹಿಡಿದರೆ ನಡುವೆ ಥ್ರೆಡ್ ಇರೋ ದೊಡ್ಡ ತೂತು, ಸುತ್ತ ಸಣ್ಣ ಸಣ್ಣ ತೂತುಗಳು. ಸಣ್ಣ ತೂತುಗಳ ಹಿಂದೆ ರಬ್ಬರಿನ ಒಂದು ಪದರ ಕಾಣುತ್ತೆ. ಎಂಜಿನ್ ಆಫ್ ಆದಾಗ ಫಿಲ್ಟರಿನಲ್ಲಿರೋ ಆಯಿಲ್ ಕೆಳಗಿನ ಚೇಂಬರಿಗೆ ವಾಪಸ್ ಇಳಿದುಹೋಗದಂತೆ ತಡೆಯೋದು ಇದೇ. ನಮ್ಮ ಬೋರ್‌ವೆಲ್ ಪೈಪಿನ ಎನ್‌ಆರ್‌ವಿ ಮಾಡೋ ಕೆಲಸ. ಇದು ಕೆಟ್ಟದಾಗಿದ್ದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಆಯಿಲ್ ಲೈಟ್ ಆರೋಕೆ ತಡ ಆಗುತ್ತೆ, ಎರಡು-ಮೂರು ಸೆಕೆಂಡ್ ಎಂಜಿನ್ ಟಕಟಕ ಅನ್ನುತ್ತೆ. ದಿನಾ ಬೆಳಿಗ್ಗೆ ಆ ಎರಡು ಸೆಕೆಂಡ್ ಒಣಗಿದ ಬೇರಿಂಗ್ ತಿರುಗಿತು ಅಂತ ಅರ್ಥ. ಫಿಲ್ಟರ್ ಅಡ್ಡವಾಗಿ ಅಥವಾ ತಲೆಕೆಳಗಾಗಿ ಕೂರೋ ಎಂಜಿನ್‌ಗಳಲ್ಲಿ ಇದು ಇನ್ನೂ ಮುಖ್ಯ.

ಹೆಸರು ಹೇಳಬೇಡಿ, ನಂಬರ್ ಹೇಳಿ

ಕಡಿಮೆ ಬೆಲೆಗೆ ಒಳ್ಳೇದು ಸಿಗಬೇಕು ಅಂದರೆ ಮೊದಲ ಕೆಲಸ ಪಾರ್ಟ್ ನಂಬರ್ ತಿಳ್ಕೊಳ್ಳೋದು. "ಸ್ವಿಫ್ಟ್‌ಗೆ ಒಂದು ಫಿಲ್ಟರ್ ಕೊಡಿ" ಅಂದರೆ ಅಂಗಡಿಯವರಿಗೆ ಯಾವ ಇಸವಿ, ಪೆಟ್ರೋಲಾ ಡೀಸೆಲಾ ಅನ್ನೋದು ಗೊತ್ತಾಗಲ್ಲ. ಎದುರಿಗೆ ಇದ್ದದ್ದನ್ನು ಕೊಡ್ತಾರೆ. ಸ್ವಿಫ್ಟನ್ನೇ ತಗೊಳ್ಳಿ. ಪೆಟ್ರೋಲಿಗೆ ಡಬ್ಬಿಯಂತಿರೋ ಸ್ಪಿನ್-ಆನ್ ಫಿಲ್ಟರ್. 1.3 ಲೀಟರ್ ಡೀಸೆಲಿಗೆ ಡಬ್ಬಿಯೇ ಇಲ್ಲ, ಮುಚ್ಚಳ ಬಿಚ್ಚಿ ಒಳಗಿನ ಕಾಗದದ ಎಲಿಮೆಂಟ್ ಮಾತ್ರ ಬದಲಿಸೋದು. ಮಾರುತಿಯವರು 2020ರ ಏಪ್ರಿಲ್‌ಗೆ ಡೀಸೆಲ್ ಕಾರು ನಿಲ್ಲಿಸಿದರೂ ನಮ್ಮ ಹಳ್ಳಿಗಳಲ್ಲಿ ಆ ಎಂಜಿನ್ ಇನ್ನೂ ಬೇಕಾದಷ್ಟು ಓಡಾಡ್ತಿದೆ. ಅದೇ ಎಂಜಿನ್ ಟಾಟಾ, ಫಿಯಟ್ ಕಾರುಗಳಲ್ಲೂ ಇತ್ತು. ಹಾಗಾಗಿ ಒಂದು ಅಂಗಡಿಯಲ್ಲಿ "ಮಾರುತಿದು ಇಲ್ಲ" ಅಂದರೂ ಹುಡುಕೋಕೆ ಬೇರೆ ದಾರಿ ಇರುತ್ತೆ, ನಂಬರ್ ತಾಳೆ ಆದರೆ ಸಾಕು.

ನಂಬರ್ ಎಲ್ಲಿ ಸಿಗುತ್ತೆ? ಈಗ ಗಾಡಿಯಲ್ಲಿರೋ ಫಿಲ್ಟರ್ ಕಂಪನಿಯದ್ದೇ ಆಗಿದ್ದರೆ ಅದರ ಮೈಮೇಲೆ ಇರುತ್ತೆ. ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಹಳೇ ಫಿಲ್ಟರ್ ಲೋಕಲ್ ಆಗಿದ್ದರೆ ಅದರ ನಂಬರ್ ನಂಬಬೇಡಿ, ಹಿಂದೆ ಹಾಕಿದವರೇ ತಪ್ಪು ಹಾಕಿರಬಹುದು. ಆಗ ಕಂಪನಿ ಸ್ಪೇರ್ ಕೌಂಟರಿಗೆ ಹೋಗಿ ಆರ್‌ಸಿಯಲ್ಲಿರೋ ಚಾಸಿ ನಂಬರ್ ಕೊಡಿ. ಅವರ ಕಂಪ್ಯೂಟರಿನಲ್ಲಿ ನಿಮ್ಮ ಗಾಡಿಗೆ ಯಾವುದು ಅಂತ ಬರುತ್ತೆ. ಅಲ್ಲೇ ಕೊಳ್ಳಲೇಬೇಕು ಅಂತೇನಿಲ್ಲ, ಆದರೆ ಅಷ್ಟು ದೂರ ಹೋದ ಮೇಲೆ ಒಂದು ತಗೊಂಡು ಬರೋದೇ ಒಳ್ಳೇದು. ಮುಂದಿನ ಸಲಕ್ಕೆ ಹೋಲಿಸಿ ನೋಡೋಕೆ ಒರಿಜಿನಲ್ ಒಂದು ಕೈಯಲ್ಲಿದ್ದಂತಾಗುತ್ತೆ. ಸುಜುಕಿ ಲೆಕ್ಕದಲ್ಲಿ 16510 ಅಂತ ಶುರುವಾಗೋ ನಂಬರ್‌ಗಳು ಆಯಿಲ್ ಫಿಲ್ಟರಿನವು. ಅದರ ಮುಂದಿನ ಅಂಕೆ-ಅಕ್ಷರಗಳು ಎಂಜಿನ್ ಪ್ರಕಾರ ಬದಲಾಗುತ್ತವೆ.

ಕಂಪನಿ ನಂಬರ್ ಸಿಕ್ಕಿತಾ, ಈಗ ಅದಕ್ಕೆ ಸಮನಾದ ಬೇರೆ ಬ್ರ್ಯಾಂಡ್‌ಗಳ ನಂಬರ್ ಹುಡುಕಿ. ಬಾಷ್, ಮಾನ್, ಪ್ಯೂರೊಲೇಟರ್, ಫ್ಲೀಟ್‌ಗಾರ್ಡ್, ಎಲೋಫಿಕ್ ಇವೆಲ್ಲ ಇಲ್ಲಿ ಬಹಳ ಕಾಲದಿಂದ ಫಿಲ್ಟರ್ ಮಾರ್ತಿರೋ ಹೆಸರುಗಳು. ಕಾರು ಕಂಪನಿಗಳು ಫಿಲ್ಟರನ್ನು ಸಾಮಾನ್ಯವಾಗಿ ತಾವೇ ಮಾಡಲ್ಲ, ಇಂಥ ಫಿಲ್ಟರ್ ಕಂಪನಿಗಳಿಂದ ಮಾಡಿಸಿ ತಮ್ಮ ಡಬ್ಬಿಗೆ ಹಾಕ್ತಾರೆ. ಹಾಗಾಗಿ "ಕಂಪನಿ ಡಬ್ಬಿ ಇಲ್ಲದ್ದೆಲ್ಲ ಲೋಕಲ್" ಅನ್ನೋ ಮಾತು ಸರಿಯಲ್ಲ. ಒಳ್ಳೆ ಬ್ರ್ಯಾಂಡಿನ ಫಿಲ್ಟರ್ ಒಂದು ಕಡೆ, ಹೆಸರಿಲ್ಲದ್ದು ಅಥವಾ ಹೆಸರು ಕದ್ದದ್ದು ಇನ್ನೊಂದು ಕಡೆ.

ಥ್ರೆಡ್ ಕೂತರೆ ಫಿಲ್ಟರ್ ಸರಿ ಅಂತಲ್ಲ

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಕಾರುಗಳಲ್ಲಿ ಹೆಚ್ಚು ಬಳಕೆಯಲ್ಲಿರೋ ಎರಡು ಥ್ರೆಡ್ ಅಳತೆ ಇವೆ. ಒಂದು 20 ಮಿ.ಮೀ., ಇನ್ನೊಂದು ಮುಕ್ಕಾಲು ಇಂಚು, ಅಂದರೆ 19.05 ಮಿ.ಮೀ. ಥ್ರೆಡ್ಡಿನಿಂದ ಥ್ರೆಡ್ಡಿಗೆ ಇರೋ ಅಂತರವೂ ಎರಡರಲ್ಲಿ ಹತ್ತಿರ ಹತ್ತಿರ, ಒಂದು 1.5 ಮಿ.ಮೀ., ಇನ್ನೊಂದು ಸುಮಾರು 1.59. ಹಾಗಾಗಿ ಮುಕ್ಕಾಲು ಇಂಚಿನ ಸ್ಟಡ್ಡಿಗೆ 20 ಮಿ.ಮೀ. ಫಿಲ್ಟರ್ ತಿರುಗಿಸಿದರೆ ಸಲೀಸಾಗಿ ಹೋಗುತ್ತೆ, ಬಿಗಿಯಾದ ಹಾಗೂ ಅನ್ನಿಸುತ್ತೆ. ಆದರೆ ಹಿಡಿತ ಇರೋದು ಥ್ರೆಡ್ಡಿನ ತುದಿಯಲ್ಲಿ ಮಾತ್ರ. ಆಯಿಲ್ ಪ್ರೆಶರ್ ಏರಿದಾಗ, ಅಲುಗಾಟ ಜಾಸ್ತಿಯಾದಾಗ ಕಿತ್ತುಕೊಂಡು ಬರಬಹುದು.

ಪಕ್ಕದ ಊರಿನ ಗೆಳೆಯನೊಬ್ಬನ ಹಳೇ ಡೀಸೆಲ್ ಗಾಡಿಗೆ ಹೀಗೇ ಆಯ್ತು. ಸರ್ವಿಸ್ ಮಾಡಿಸಿ ಮೂರನೇ ದಿನ, ಟೊಮೆಟೊ ಬಾಕ್ಸ್ ತುಂಬಿಕೊಂಡು ಬೆಳಗಿನ ಹರಾಜಿಗೆ ಕೋಲಾರ ಎಪಿಎಂಸಿಗೆ ಹೊರಟಿದ್ದ. ಏರಿನಲ್ಲಿ ಆಯಿಲ್ ಲೈಟ್ ಹತ್ತಿತು. ಪುಣ್ಯಕ್ಕೆ ತಕ್ಷಣ ಆಫ್ ಮಾಡಿ ಪಕ್ಕಕ್ಕೆ ಹಾಕಿದ. ಇಳಿದು ನೋಡಿದರೆ ಹಿಂದೆ ನೂರಡಿ ರಸ್ತೆ ಕಪ್ಪಗೆ. ಫಿಲ್ಟರ್ ಸಡಿಲವಾಗಿ ನೇತಾಡ್ತಿತ್ತು. ಎಂಜಿನ್ ಉಳೀತು, ಆದರೆ ಹೊಸ ಆಯಿಲ್ ಅಷ್ಟೂ ಹೋಯ್ತು, ಗಾಡಿ ಎಳೆಸಿದ ಖರ್ಚು ಬೇರೆ, ಹರಾಜು ತಪ್ಪಿ ಮಾಲು ಮಧ್ಯಾಹ್ನದ ರೇಟಿಗೆ ಹೋಯ್ತು. ಹಾಕಿದವರು ಹೇಳಿದ್ದು ಒಂದೇ ಮಾತು: "ಥ್ರೆಡ್ ಕೂತಿತ್ತಲ್ಲ ಸಾರ್."

ಆಯಿಲ್ ಲೈಟ್ ಓಡೋವಾಗ ಹತ್ತಿದರೆ "ಮುಂದೆ ಗ್ಯಾರೇಜ್ ಇದೆ, ಅಲ್ಲೀವರೆಗೆ" ಅನ್ನೋ ಲೆಕ್ಕ ಇಲ್ಲವೇ ಇಲ್ಲ. ಆ ಕ್ಷಣ ಎಂಜಿನ್ ಆಫ್. ಮನೆಯಲ್ಲಿ ಗಾಡಿ ಓಡಿಸೋ ಎಲ್ಲರಿಗೂ, ತಂಗಿ-ತಮ್ಮಂದಿರಿಗೂ, ಇದನ್ನು ಹೇಳಿಕೊಟ್ಟಿಡಿ.

ಥ್ರೆಡ್ ಸರಿಯಿದ್ದರೂ ಮತ್ತೊಂದು ಸಿಕ್ಕು ಇದೆ. ಕೆಲವು ಎಂಜಿನ್‌ಗಳಲ್ಲಿ ಬೈಪಾಸ್ ವಾಲ್ವ್ ಫಿಲ್ಟರಿನಲ್ಲಿ ಇರಲ್ಲ, ಎಂಜಿನ್ ಬ್ಲಾಕಿನಲ್ಲೇ ಇರುತ್ತೆ. ಅಂಥ ಎಂಜಿನ್ನಿಗೆ ಮಾಡಿದ, ವಾಲ್ವ್ ಇಲ್ಲದ ಫಿಲ್ಟರನ್ನು ನಿಮ್ಮ ಎಂಜಿನ್ನಿಗೆ ಹಾಕಿದರೆ ಹೊರಗೆ ನೋಡೋಕೆ ಎರಡೂ ಒಂದೇ. ಕಾಗದ ಕಟ್ಟಿಕೊಂಡಾಗ ಮಾತ್ರ ಆಯಿಲಿಗೆ ದಾರಿ ಇರಲ್ಲ. ಕಣ್ಣಳತೆಯಲ್ಲಿ ಇದನ್ನೆಲ್ಲ ಹಿಡಿಯೋಕಾಗಲ್ಲ, ಅದಕ್ಕೇ ನಂಬರ್ ನಂಬರ್ ಅಂತ ಹೇಳ್ತಿರೋದು.

ಅಂಗಡಿಯಲ್ಲಿ ನಿಂತು ನೋಡಬೇಕಾದ್ದು

ಡಬ್ಬಿಯಿಂದ ಶುರು ಮಾಡಿ. ಪ್ಯಾಕ್ ಮಾಡಿ ಮಾರೋ ಯಾವುದೇ ವಸ್ತುವಿನ ಮೇಲೆ ತಯಾರಕರ ಹೆಸರು-ವಿಳಾಸ, ತಿಂಗಳು-ವರ್ಷ, ಎಲ್ಲಾ ತೆರಿಗೆ ಸೇರಿದ ಎಂಆರ್‌ಪಿ, ದೂರು ಕೊಡೋಕೆ ಫೋನ್ ಅಥವಾ ಇಮೇಲ್ ಇರಲೇಬೇಕು ಅಂತ 2011ರ ಕಾನೂನು ಮಾಪನ ನಿಯಮ ಹೇಳುತ್ತೆ. ಬಿತ್ತನೆ ಬೀಜದ ಪ್ಯಾಕೆಟ್ ನೋಡೋ ಹಾಗೇ ಇದನ್ನೂ ನೋಡಿ. ವಿಳಾಸವೇ ಇಲ್ಲದ, ಬರೀ "ಸೂಪರ್ ಕ್ವಾಲಿಟಿ" ಅಂತ ಬರೆದ ಡಬ್ಬಿ ಅಲ್ಲಿಗೇ ವಾಪಸ್. ಹಲವು ಕಂಪನಿಗಳು ಹೊಲೋಗ್ರಾಮ್, ಕ್ಯೂಆರ್ ಕೋಡ್ ಹಾಕ್ತಾರೆ. ಕೋಡ್ ಸ್ಕ್ಯಾನ್ ಮಾಡಿದಾಗ ತೆರೆಯೋ ವಿಳಾಸ ನಿಜವಾಗಿ ಆ ಕಂಪನಿಯ ಸೈಟೇನಾ ಅಂತ ಓದಿ. ಸುಮ್ಮನೆ "ಜೆನ್ಯೂನ್" ಅಂತ ಹಸಿರು ಟಿಕ್ ತೋರಿಸೋ ಪುಟ ಯಾರು ಬೇಕಾದ್ರೂ ಮಾಡಬಹುದು. ಡಬ್ಬಿಯ ಮೇಲಿನ ನಂಬರ್, ಫಿಲ್ಟರ್ ಮೈಮೇಲಿನ ನಂಬರ್ ಒಂದೇ ಇರಬೇಕು. ಒರಿಜಿನಲ್ ಡಬ್ಬಿಗೆ ಬೇರೆ ಫಿಲ್ಟರ್ ಹಾಕಿ ಕೊಡೋದು ಕಷ್ಟದ ಕೆಲಸವೇನಲ್ಲ.

ಆಮೇಲೆ ಫಿಲ್ಟರ್ ಕೈಗೆ ತಗೊಳ್ಳಿ. ರಬ್ಬರ್ ಪ್ಯಾಕಿಂಗ್ ತನ್ನ ಗಾಡಿಯಲ್ಲಿ ಸಮನಾಗಿ ಕೂತಿರಬೇಕು, ಉಬ್ಬು-ತಗ್ಗು ಇರಬಾರದು, ಉಗುರಿನಿಂದ ಒತ್ತಿದರೆ ಮೆತ್ತಗೆ ವಾಪಸ್ ಬರಬೇಕು. ಥ್ರೆಡ್ಡಿನಲ್ಲಿ ಲೋಹದ ಪುಡಿ, ಚೂರು ಇರಬಾರದು. ಎಂಜಿನ್ನಿಗೆ ಹೋಗೋ ಆಯಿಲ್ ಹೊರಗೆ ಬರೋದು ಇದೇ ತೂತಿನಿಂದ, ಇಲ್ಲಿರೋ ಪುಡಿಯನ್ನು ಸೋಸೋಕೆ ಮುಂದೆ ಯಾರೂ ಇಲ್ಲ. ಸಣ್ಣ ತೂತುಗಳ ಹಿಂದಿನ ರಬ್ಬರನ್ನು ಬೆಂಕಿಕಡ್ಡಿಯ ತುದಿಯಿಂದ ಮೆಲ್ಲಗೆ ತಳ್ಳಿ. ಮೆತ್ತಗಿದ್ದು, ಬಿಟ್ಟ ಕೂಡಲೇ ತೂತು ಮುಚ್ಚಬೇಕು. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಏನೂ ಗಲಗಲ ಅನ್ನಬಾರದು. ತಗಡು ಹೆಬ್ಬೆರಳಿಗೆ ತಗ್ಗುವಷ್ಟು ತೆಳು ಇರಬಾರದು. ಎಲಿಮೆಂಟ್ ಮಾತ್ರ ಇರೋ ಫಿಲ್ಟರ್ ಆದರೆ ಇನ್ನೂ ಸುಲಭ, ಎಲ್ಲಾ ಹೊರಗೇ ಕಾಣುತ್ತೆ. ಕಾಗದದ ಮಡಿಕೆಗಳು ಒಂದೇ ಅಂತರದಲ್ಲಿ ಇವೆಯಾ, ಕೊನೆಯ ಮಡಿಕೆ ಅಂಟಿಸಿದ ಜಾಗದಲ್ಲಿ ಬಿರುಕು ಇದೆಯಾ ನೋಡಿ. ಜೊತೆಗೆ ಬರಬೇಕಾದ ಓ-ರಿಂಗ್ ಇದೆಯಾ ಅಂತಲೂ ನೋಡಿ.

ತೂಕ ನೋಡಿ ಹೇಳಬಹುದು ಅಂತ ಕೆಲವರು ಹೇಳ್ತಾರೆ. ಒರಿಜಿನಲ್ ಪಕ್ಕದಲ್ಲಿಟ್ಟು ಅದೇ ನಂಬರಿನ ಇನ್ನೊಂದನ್ನು ತೂಗಿದರೆ ಸ್ವಲ್ಪ ಉಪಯೋಗ ಉಂಟು. ಬೇರೆ ಬೇರೆ ಬ್ರ್ಯಾಂಡ್ ಹೋಲಿಸೋಕೆ ತೂಕ ಉಪಯೋಗ ಇಲ್ಲ, ಭಾರದ ತಗಡಿನೊಳಗೆ ಕಳಪೆ ಕಾಗದ ಇರಬಹುದು.

ಡಬ್ಬಿಯ ಮೇಲೆ "10 ಮೈಕ್ರಾನ್" ಅಂತ ಒಂದೇ ಅಂಕೆ ದೊಡ್ಡದಾಗಿ ಬರೆದಿದ್ದರೆ ಮರುಳಾಗಬೇಡಿ. 10 ಮೈಕ್ರಾನಿನ ಕಣಗಳಲ್ಲಿ ನೂರಕ್ಕೆ ಎಷ್ಟು ಹಿಡಿಯುತ್ತೆ ಅನ್ನೋದು ಮುಖ್ಯ. ನೂರಕ್ಕೆ ಐವತ್ತು ಹಿಡಿದರೂ 10 ಮೈಕ್ರಾನ್ ಅಂತ ಬರೆಯೋಕೆ ಅಡ್ಡಿ ಇಲ್ಲ. ಇದನ್ನು ಅಳೆಯೋಕೆ ಐಎಸ್‌ಒ 4548-12 ಅನ್ನೋ ಪರೀಕ್ಷೆ ಇದೆ. ಅದರ ಪ್ರಕಾರ ಶೇಕಡಾವಾರು ಕೊಟ್ಟಿರೋ ಕಂಪನಿಯನ್ನು ನಂಬಬಹುದು.

ದುಡ್ಡು ಉಳಿಯೋದು ಎಲ್ಲಿ

ಡೀಲರ್ ಸರ್ವಿಸ್ ಸೆಂಟರಿಗೂ ಹೊರಗಿನ ಅಂಗಡಿಗೂ ಒರಿಜಿನಲ್ ಫಿಲ್ಟರಿನ ಎಂಆರ್‌ಪಿ ಒಂದೇ. ಬಿಲ್ ದೊಡ್ಡದಾಗೋದು ಕೂಲಿ, ಅದೂ ಇದೂ ಸೇರಿದ್ದರಿಂದ. ತಾಲ್ಲೂಕು, ಜಿಲ್ಲಾ ಕೇಂದ್ರಗಳಲ್ಲಿ ಕಂಪನಿಯ ಅಧಿಕೃತ ಸ್ಪೇರ್ ವಿತರಕರು ಇರ್ತಾರೆ. ಅಲ್ಲಿ ಬಿಡಿಯಾಗಿ ಕೊಳ್ಳಬಹುದು. ಬೇರೆ ಬ್ರ್ಯಾಂಡ್‌ಗಳನ್ನು ಎಂಆರ್‌ಪಿಗಿಂತ ಸ್ವಲ್ಪ ಕಡಿಮೆಗೆ ಕೊಡೋದು ವ್ಯಾಪಾರದಲ್ಲಿ ಮಾಮೂಲಿ, ಕೇಳೋಕೆ ನಾಚಿಕೆ ಬೇಡ. ಆದರೆ ಎಂಆರ್‌ಪಿಯ ಅರ್ಧಕ್ಕೇ ಕೊಡ್ತೀನಿ ಅಂದರೆ ಅಲ್ಲಿಂದ ಹೊರಡಿ. ನಕಲಿ ಗೊಬ್ಬರದ ಚೀಲ ಮನೆ ಬಾಗಿಲಿಗೆ ತಂದು ಮಾರೋರ ಮಾತೂ ಹೀಗೇ ಇರುತ್ತೆ ಅಲ್ವಾ?

ಬೆಂಗಳೂರಿನ ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಕಡೆ ಹೋಗೋ ಕೆಲಸ ಇದ್ದರೆ ನಂಬರ್ ಫೋನಿನಲ್ಲಿಟ್ಟುಕೊಂಡು ಹೋಗಿ. ಆಟೋಮೊಬೈಲ್ ಅಂಗಡಿಗಳು ಸಾಲಾಗಿವೆ, ಮೂರು ಕಡೆ ವಿಚಾರಿಸಬಹುದು. ಬಿಲ್ ಇಲ್ಲದೆ ತರಬೇಡಿ. ಬಿಲ್ ಕೊಡಲ್ಲ ಅನ್ನೋ ಅಂಗಡಿಯ ಮಾಲು ಎಷ್ಟು ಚೆನ್ನಾಗಿದ್ದರೂ ನಾಳೆ ಕೇಳೋಕೆ ನಿಮ್ಮ ಹತ್ತಿರ ಏನೂ ಇರಲ್ಲ. ಬಿಲ್ ಇದ್ದು ನಕಲಿ ಅಂತ ಗೊತ್ತಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಅಸಲಿ ಕಂಪನಿಗೂ ಫೋಟೋ ಸಮೇತ ಬರೆಯಿರಿ, ತಮ್ಮ ಹೆಸರು ಕದ್ದವರನ್ನು ಹಿಡಿಯೋ ಆಸಕ್ತಿ ಅವರಿಗೂ ಇರುತ್ತೆ. ಆನ್‌ಲೈನಿನಲ್ಲಿ ಕೊಳ್ಳೋದಾದರೆ ಸೈಟಿನ ಹೆಸರಿಗಿಂತ ಮಾರೋರು ಯಾರು ಅನ್ನೋದನ್ನು ನೋಡಿ. ಒಂದೇ ಸೈಟಿನಲ್ಲಿ ಕಂಪನಿಯ ಅಂಗಡಿಯೂ ಇರುತ್ತೆ, ಗೊತ್ತಿಲ್ಲದವರ ಅಂಗಡಿಯೂ ಇರುತ್ತೆ.

ನಮ್ಮೂರಿನಂತೆ ನಾಲ್ಕೈದು ಜನ ಗೆಳೆಯರ ಹತ್ತಿರ ಒಂದೇ ಎಂಜಿನ್ನಿನ ಗಾಡಿ ಇದ್ದರೆ ಒಟ್ಟಿಗೆ ತಗೊಳ್ಳಿ. ಬೀಜ, ಮಲ್ಚಿಂಗ್ ಶೀಟ್ ಹೀಗೆ ತರ್ತೀವಲ್ಲ, ಇದನ್ನೂ ತರಬಹುದು. ಹತ್ತು ಫಿಲ್ಟರ್ ಒಟ್ಟಿಗೆ ಅಂದರೆ ವಿತರಕರೂ ಮಾತಾಡ್ತಾರೆ. ಡಬ್ಬಿ ಬಿಚ್ಚದೆ, ಬಿಸಿಲು-ಇಲಿ ತಾಗದ ಜಾಗದಲ್ಲಿ ಇಡಿ. ಒಂದೆರಡು ವರ್ಷಕ್ಕೆ ಬೇಕಾದಷ್ಟೇ ಸಾಕು, ರಬ್ಬರಿಗೂ ವಯಸ್ಸಾಗುತ್ತೆ.

ವಾರಂಟಿ ಇರೋ ಹೊಸ ಗಾಡಿ ಆದರೆ ಈ ಲೆಕ್ಕಾಚಾರಕ್ಕೆ ಹೋಗಬೇಡಿ, ಕಂಪನಿಯಲ್ಲೇ ಮಾಡಿಸಿ, ಬಿಲ್ ಜೋಪಾನ ಮಾಡಿ. ಬಿಡಿಭಾಗಗಳನ್ನು ಹೊರಗಿನ ಮಾರುಕಟ್ಟೆಗೆ ಸರಿಯಾಗಿ ಬಿಡ್ತಿಲ್ಲ ಅಂತ ಭಾರತೀಯ ಸ್ಪರ್ಧಾ ಆಯೋಗ 2014ರಲ್ಲಿ 14 ಕಾರು ಕಂಪನಿಗಳಿಗೆ ದಂಡ ಹಾಕಿತ್ತು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ಸಾರಾಸಗಟಾಗಿ ವಾರಂಟಿ ರದ್ದು ಮಾಡಬಾರದು ಅಂತಲೂ ಹೇಳಿತ್ತು. ಕಂಪನಿಗಳು ಮೇಲ್ಮನವಿ, ಕೋರ್ಟು ಅಂತ ಹೋದವು. ಕಾನೂನು ನಮ್ಮ ಕಡೆ ಇದ್ದರೂ ಎಂಜಿನ್ ಕ್ಲೇಮ್ ಸಮಯದಲ್ಲಿ ವಾದ ಮಾಡ್ತಾ ಕೂರೋಕೆ ನಮಗೆ ಪುರುಸೊತ್ತು ಇರಲ್ಲ.

ಇನ್ನು 700-800 ರೂಪಾಯಿಯ ಇಂಪೋರ್ಟೆಡ್ ಫಿಲ್ಟರ್, ಸಿಂಥೆಟಿಕ್ ಕಾಗದ ಅಂತೆಲ್ಲ ವಿಡಿಯೋಗಳಲ್ಲಿ ನೋಡಿರ್ತೀರಿ. ನಮ್ಮ ಬಳಕೆಗೆ ಬೇಕಿಲ್ಲ ಅನ್ನೋದು ನನ್ನ ಅಭಿಪ್ರಾಯ. ಆ ದುಡ್ಡಿಗೆ ಆಯಿಲ್ ಮತ್ತು ಸಾಮಾನ್ಯ ಒಳ್ಳೆ ಫಿಲ್ಟರನ್ನು ಸ್ವಲ್ಪ ಬೇಗ ಬದಲಿಸಿ. ಮಾರುತಿ ಪೆಟ್ರೋಲ್ ಕಾರುಗಳಿಗೆ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಆದರೆ ಮ್ಯಾನ್ಯುಯಲ್ಲಿನ ಹಿಂದಿನ ಪುಟಗಳಲ್ಲಿ ಕಠಿಣ ಬಳಕೆಗೆ ಬೇರೆ ಪಟ್ಟಿ ಇರುತ್ತೆ. ಧೂಳಿನ ದಾರಿ, ಪದೇ ಪದೇ ಎರಡು-ಮೂರು ಕಿ.ಮೀ. ಓಡಾಟ, ಭಾರ ಎಳೆಯೋದು. ಓದಿ ನೋಡಿ, ಅದು ನಮ್ಮ ಗಾಡಿಯ ವರ್ಣನೆಯೇ. ಟ್ರಾಕ್ಟರಿಗೆ ಕಿ.ಮೀ. ಇಲ್ಲ, ಗಂಟೆ ಲೆಕ್ಕ. ಹಲವು ಮಾಡೆಲ್‌ಗಳಿಗೆ 250 ಗಂಟೆ, ನಿಮ್ಮದಕ್ಕೆ ಎಷ್ಟು ಅಂತ ಪುಸ್ತಕದಲ್ಲಿ ನೋಡಿಕೊಳ್ಳಿ.

"ಒಂದು ಸಲ ಬಿಟ್ಟು ಒಂದು ಸಲ ಫಿಲ್ಟರ್ ಹಾಕಿದರೆ ಸಾಕು" ಅನ್ನೋ ಮಾತೂ ಕೇಳಿರ್ತೀರಿ. ಬೇಡ. ಹಳೇ ಫಿಲ್ಟರಿನೊಳಗೆ ಕೊಳಕು ಆಯಿಲ್ ತುಂಬಿರುತ್ತೆ, ಅದು ಹೊಸದಕ್ಕೆ ಸೇರುತ್ತೆ. ಪೆಟ್ರೋಲ್, ಡೀಸೆಲ್‌ನಲ್ಲಿ ತೊಳೆದು ಹಾಕೋದಂತೂ ಬೇಡವೇ ಬೇಡ. ಡಿಸ್ಕ್ ಫಿಲ್ಟರ್ ಪ್ಲಾಸ್ಟಿಕ್, ತೊಳೆದರೆ ಹೊಸದಾಗುತ್ತೆ. ಇದು ಕಾಗದ.

ಡೀಸೆಲ್ ಗಾಡಿಯವರು ಆಯಿಲ್ ಹಾಕಿಸಿದ ವಾರಕ್ಕೇ ಕಪ್ಪಾಯ್ತು, ಫಿಲ್ಟರ್ ಕೆಲಸ ಮಾಡ್ತಿಲ್ಲ ಅಂತ ಗಾಬರಿ ಆಗೋದುಂಟು. ಮಸಿಯ ಕಣ ಒಂದು ಮೈಕ್ರಾನಿಗಿಂತ ಸಣ್ಣದು, ಯಾವ ಫಿಲ್ಟರೂ ಅದನ್ನು ನಿಲ್ಲಿಸಲ್ಲ. ಅದನ್ನು ಗಂಟು ಕಟ್ಟದಂತೆ ತೇಲಿಸಿ ಇಟ್ಟುಕೊಳ್ಳೋದು ಆಯಿಲಿನೊಳಗಿನ ರಾಸಾಯನಿಕದ ಕೆಲಸ. ಕಪ್ಪಾಗಿದೆ ಅಂದರೆ ಅದು ಕೆಲಸ ಮಾಡ್ತಿದೆ.

ಹಾಕೋವಾಗ, ತೆಗೆಯೋವಾಗ

ನೀವೇ ಮಾಡಿದರೆ ಕೂಲಿ ಉಳಿಯುತ್ತೆ, ಅದಕ್ಕಿಂತ ಮುಖ್ಯವಾಗಿ ಏನು ಹಾಕಿದ್ದು ಅಂತ ನಿಮಗೆ ಗೊತ್ತಿರುತ್ತೆ. ಜಾಕ್ ಒಂದನ್ನೇ ನಂಬಿ ಗಾಡಿ ಕೆಳಗೆ ನುಗ್ಗಬೇಡಿ, ಸ್ಟ್ಯಾಂಡ್ ಕೊಡಿ. ಎಂಜಿನ್ ಬೆಚ್ಚಗಿರಲಿ, ಕೈ ಸುಡುವಷ್ಟು ಬೇಡ. ಹಳೇ ಫಿಲ್ಟರ್ ಬಿಚ್ಚಿದ ಕೂಡಲೇ ಅದರ ರಬ್ಬರ್ ಅದರ ಜೊತೆಗೇ ಬಂತಾ ನೋಡಿ. ಎಂಜಿನ್ನಿಗೆ ಅಂಟಿಕೊಂಡಿದ್ದು ಅದರ ಮೇಲೆ ಹೊಸದು ಕೂತರೆ ಎರಡು ಪ್ಯಾಕಿಂಗ್ ಆಗಿ, ಸ್ವಲ್ಪ ದೂರ ಹೋಗೋದರೊಳಗೆ ಆಯಿಲ್ ಚಿಮ್ಮುತ್ತೆ. ಹೊಸ ರಬ್ಬರಿಗೆ ಬೆರಳಿನಿಂದ ಹೊಸ ಆಯಿಲ್ ಸವರಿ, ಕೈಯಲ್ಲೇ ತಿರುಗಿಸಿ. ರಬ್ಬರ್ ತಾಗಿದ ಮೇಲೆ ಎಷ್ಟು ಸುತ್ತು ಅಂತ ಫಿಲ್ಟರಿನ ಮೈಮೇಲೇ ಬರೆದಿರುತ್ತೆ, ಸಾಮಾನ್ಯವಾಗಿ ಮುಕ್ಕಾಲು ಸುತ್ತು. ಪಾನ ಹಾಕಿ ಬಲ ತೋರಿಸಿದರೆ ಮುಂದಿನ ಸಲ ಬಿಚ್ಚೋವಾಗ ಗೊತ್ತಾಗುತ್ತೆ. ಡ್ರೈನ್ ಬೋಲ್ಟಿನ ವಾಷರ್ ಹೊಸದು ಹಾಕಿ. ಸ್ಟಾರ್ಟ್ ಮಾಡಿ ಲೈಟ್ ಆರೋವರೆಗೆ ಆಕ್ಸಿಲರೇಟರ್ ಒತ್ತಬೇಡಿ. ಒಂದೆರಡು ನಿಮಿಷ ಬಿಟ್ಟು ಕೆಳಗೆ ಸೋರಿಕೆ ನೋಡಿ, ಆಫ್ ಮಾಡಿ ಸ್ವಲ್ಪ ಹೊತ್ತಾದ ಮೇಲೆ ಡಿಪ್ ಸ್ಟಿಕ್ ನೋಡಿ. ಹೊಸ ಫಿಲ್ಟರ್ ತುಂಬಿಕೊಳ್ಳೋದರಿಂದ ಲೆವೆಲ್ ಇಳಿದಿರುತ್ತೆ.

ತೆಗೆದ ಫಿಲ್ಟರನ್ನು ಎಸೆಯೋ ಮುಂಚೆ ಒಂದು ಸಲ ಬಿಚ್ಚಿ ನೋಡಿ, ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡ ಮೊದಲ ಸರ್ವಿಸಿನಲ್ಲಂತೂ ಖಂಡಿತ. ಒಂದು ದಿನ ಬಸಿದುಹೋಗೋಕೆ ಬಿಟ್ಟು, ತಗಡು ಕತ್ತರಿಯಲ್ಲಿ ಕತ್ತರಿಸಿ ಕಾಗದ ಬಿಡಿಸಿ. ಗರಗಸ ಹಾಕಿದರೆ ಅದರದೇ ಪುಡಿ ಬಿದ್ದು ಲೆಕ್ಕ ತಪ್ಪುತ್ತೆ. ಮಡಿಕೆಗಳನ್ನು ಬಿಳಿ ಬಟ್ಟೆಗೆ ಒತ್ತಿ, ಬಿಸಿಲಿಗೆ ಹಿಡಿದು ನೋಡಿ. ಅಲ್ಲೊಂದು ಇಲ್ಲೊಂದು ಮಿನುಗು ಇರೋದು ಸಹಜ. ಚೂರುಗಳೇ ಕಂಡರೆ ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಕಬ್ಬಿಣ-ಉಕ್ಕು, ಅಂಟದೆ ಹೊಳೆದರೆ ಬೇರಿಂಗ್ ಲೋಹವೋ ಅಲ್ಯೂಮಿನಿಯಮ್ಮೋ ಇರಬಹುದು. ಫೋಟೋ ತೆಗೆದು, ನಂಬಿಕೆಯ ಮೆಕ್ಯಾನಿಕ್‌ಗೆ ತೋರಿಸಿ. ಕಾಗದ ಹರಿದಿದ್ದರೆ, ಮಡಿಕೆಗಳೆಲ್ಲ ಒಂದೇ ಕಡೆ ಕುಸಿದಿದ್ದರೆ, ಆ ಬ್ರ್ಯಾಂಡ್ ಮತ್ತೆ ತರಬೇಡಿ.

ಬಸಿದ ಆಯಿಲನ್ನು ಬೇಲಿ ಕಂಬಕ್ಕೆ ಗೆದ್ದಲು ಹಿಡಿಯದಿರಲಿ ಅಂತ ಬಳಿಯೋದು ನಮ್ಮಲ್ಲಿ ಹಳೇ ರೂಢಿ. ಸಾವಯವ ಪ್ರಮಾಣಪತ್ರಕ್ಕೆ ಹೋಗೋರು ಇದನ್ನು ಬಿಡಲೇಬೇಕು. ಹೋಗದವರೂ ಬಿಟ್ಟರೆ ಒಳ್ಳೇದು, ಎಂಜಿನ್ನಿನಲ್ಲಿ ಸುಟ್ಟ ಎಣ್ಣೆಯಲ್ಲಿ ಭಾರ ಲೋಹಗಳು ಇರುತ್ತವೆ, ಮಳೆಗೆ ಇಳಿದು ಮಣ್ಣಿಗೆ ಸೇರುತ್ತವೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮದಲ್ಲಿ ಬಳಸಿದ ಎಣ್ಣೆಯೂ ಬರುತ್ತೆ. ಹಳೇ ಕ್ಯಾನಿನಲ್ಲೇ ತುಂಬಿಟ್ಟು, ಸುಟ್ಟ ಆಯಿಲ್ ತಗೊಳ್ಳೋ ಗ್ಯಾರೇಜಿಗೆ ಕೊಡಿ, ಅಲ್ಲಿಂದ ಅಧಿಕೃತ ಮರುಬಳಕೆಯವರಿಗೆ ಹೋಗುತ್ತಾ ಅಂತ ಒಂದು ಮಾತು ಕೇಳಿ. ಫಿಲ್ಟರನ್ನು ಬಿಚ್ಚಿ ನೋಡದಿದ್ದರೆ ತಲೆ ಕಡೆ ಒಂದು ತೂತು ಹೊಡೆದು, ರಾತ್ರಿಯಿಡೀ ಆ ಕ್ಯಾನಿನ ಮೇಲೆ ಆಲಿಕೆಯಲ್ಲಿ ಬೋರಲು ಹಾಕಿಡಿ. ಪೂರ್ತಿ ಬಸಿದ ಮೇಲೆ ತಗಡು ಗುಜರಿಗೆ ಹೋಗುತ್ತೆ.